ಖಾಡಿಯ ಮರುವಾಯಿ ಬೇಡ
ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕರಾವಳಿಯವರೇ, ಮರುವಾಯಿ ಸುಕ್ಕದ ಆಸೆಗೆ ಖಾಡಿಯ (ಕಡಲ ಹಿನ್ನೀರಿನ) ಕೆಸರಿನಲ್ಲಿ ಹೆಕ್ಕಿದ ಚಿಪ್ಪನ್ನು ದಯವಿಟ್ಟು ಮನೆಗೆ ತರಬೇಡಿ. ಠಾಣೆ ಖಾಡಿ 2022ರಿಂದ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), ಫ್ಲೆಮಿಂಗೋಗಳ ಹಿಂಡೇ ಅಲ್ಲಿಗೆ ಬರುತ್ತದೆ, ನಿಜ. ಆದರೆ ಪಕ್ಕದಲ್ಲೇ ಠಾಣೆ-ಬೇಲಾಪುರ ಕೈಗಾರಿಕಾ ಪಟ್ಟಿಯಿದೆ. 2017ರಲ್ಲಿ ನವಿ ಮುಂಬಯಿಯದೇ ತಳೋಜದ ಕಸಾಡಿ ನದಿ ಸುತ್ತಮುತ್ತ ಕಾರ್ಖಾನೆಯ ಬಣ್ಣದಿಂದ ಬೀದಿನಾಯಿಗಳ ಮೈ ನೀಲಿಯಾದಾಗ ಎಲ್ಲರೂ ಬೆಚ್ಚಿದರು, ಬಣ್ಣ ಕಣ್ಣಿಗೆ ಕಂಡಿತಲ್ಲ! ನೀರಿನಲ್ಲಿ ಬೆರೆತ ಸೀಸ, ಕ್ಯಾಡ್ಮಿಯಂ, ಪಾದರಸ ಹಾಗೆ ಕಾಣುವುದಿಲ್ಲ. ಹೂಳಿಗೆ ಅಂಟಿ ವರ್ಷಗಟ್ಟಲೆ ಕೂರುತ್ತವೆ. ಪಾಚಿ ಅವನ್ನು ಹೀರುತ್ತದೆ. ನೀರು ಸೋಸಿ ಬದುಕುವ ಮರುವಾಯಿ ಅವನ್ನು ತನ್ನ ಮಾಂಸದಲ್ಲೇ ಕೂಡಿಟ್ಟುಕೊಳ್ಳುತ್ತದೆ. ಕುದಿಸಿದರೆ ರೋಗಾಣು ಸಾಯಬಹುದು, ಲೋಹ ಹೋಗುವುದಿಲ್ಲ. ಬಸುರಿಯರು, ಪುಟ್ಟ ಮಕ್ಕಳಿರುವ ಮನೆಯಲ್ಲಂತೂ ಈ ವಿಷಯದಲ್ಲಿ ರಾಜಿ ಬೇಡವೇ ಬೇಡ. ಸೀಸ, ಪಾದರಸ ಬೆಳೆಯುವ ಮಿದುಳಿಗೇ ಪೆಟ್ಟು ಕೊಡುತ್ತವೆ.

ಮೀನು ಬಿಡಿ ಎನ್ನುತ್ತಿಲ್ಲ. ಹೊರಗಡಲಿನ ಬೂತಾಯಿ, ಬಂಗುಡೆ ಕೇಳಿ ಕೊಳ್ಳಿ. ಚಿಕ್ಕ ಮೀನಿನಲ್ಲಿ ಪಾದರಸ ಕಡಿಮೆ. ಹಾಗೆಯೇ, ರೈಲು ಹಳಿಯ ಬದಿ ಚರಂಡಿ ನೀರುಂಡು ಬೆಳೆದ ಪಾಲಕ್ ಎಷ್ಟು ಹಸಿರಾಗಿದ್ದರೂ ಬೇಡ. ತೊಳೆದರೆ ಎಲೆಯ ಮೇಲಿನ ಮಣ್ಣು ಹೋಗುತ್ತದೆ, ಬೇರು ಹೀರಿದ ಲೋಹ ಒಳಗೇ ಉಳಿಯುತ್ತದೆ.