ಆದಾಯ ಕುಗ್ಗಿದಾಗ ಕುಟುಂಬದ ಆರೋಗ್ಯ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅನೇಕ ಸಂಸಾರಗಳಿಗೆ ಅಡಿಕೆಯೇ ಜೀವನಾಧಾರ. ಮಳೆಗಾಲದ ಕೊಳೆರೋಗ ನಮಗೆ ಹಿಂದಿನಿಂದಲೂ ಪರಿಚಿತ. 2022ರಿಂದೀಚೆಗೆ ಎಲೆಚುಕ್ಕೆ ರೋಗವೂ ಇಲ್ಲಿ ವ್ಯಾಪಕವಾಗಿ ಹರಡಿತು. ಶಿಲೀಂಧ್ರದಿಂದ ಬರುವ ಈ ರೋಗದಿಂದ ಸೋಗೆ ಒಣಗಿ, ಮರ ಸೊರಗಿ, ಇಳುವರಿ ಇಳಿಯುತ್ತದೆ. ಹೊಸ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷಗಳಾದರೂ ಬೇಕು. ಬೆಳೆಗಾರನಿಗೆ ಫಸಲು ಹೋದಾಗ ಕೊನೆ ತೆಗೆಯುವವರಿಗೂ ಅಡಿಕೆ ಸುಲಿಯುವ ಹೆಣ್ಣುಮಕ್ಕಳಿಗೂ ಕೂಲಿ ಹೋಗುತ್ತದೆ. ತೋಟದ ಈ ರೋಗವು ಮನೆಯವರ ಆರೋಗ್ಯವನ್ನೂ ಕೆಡಿಸದಂತೆ ನೋಡಿಕೊಳ್ಳುವುದು ಹೇಗೆ?

ಕೊರತೆ ಯಾರ ಪಾಲಿಗೆ?

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಾಸಿಗೆ ಚಿಕ್ಕದಾದಾಗ ಕಾಲು ಮಡಿಸುವವರು ಯಾರೆಂಬುದನ್ನೂ ಗಮನಿಸಬೇಕು. ತಾಯಿಯು ಎಲ್ಲರಿಗೂ ಬಡಿಸಿ, ಉಳಿದ ಗಂಜಿಯಲ್ಲಿ ಊಟ ಮುಗಿಸುತ್ತಾಳೆ. ಅಜ್ಜನು ಯಾರಿಗೂ ಹೇಳದೆ ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾನೆ. ಯಜಮಾನನು ಸಾಲದ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು ನಿದ್ರೆಗೆಡುತ್ತಾನೆ. ಹೀಗೆ ಉಳಿಸಿದ ಹಣ ಉಳಿತಾಯವಲ್ಲ. ರಕ್ತಹೀನತೆ, ಪಾರ್ಶ್ವವಾಯು, ಖಿನ್ನತೆಗಳು ಬಂದೊದಗಿದರೆ ಅದರ ಹಲವು ಪಟ್ಟು ತೆರಬೇಕಾಗುತ್ತದೆ.

ಕೂಡಿ ಕುಳಿತು ಲೆಕ್ಕ ಹಾಕಿರಿ

ಒಂದು ಸಂಜೆ ಪತಿ, ಪತ್ನಿ, ಹಿರಿಯರು, ಬೆಳೆದ ಮಕ್ಕಳು ಎಲ್ಲರೂ ಕುಳಿತು ವರಮಾನ, ಸಾಲ, ಖರ್ಚುಗಳನ್ನು ಬರೆಯಿರಿ. ಆಹಾರ, ಔಷಧಿ, ಮಕ್ಕಳ ಶಾಲೆ ಇವುಗಳಿಗೆ ಮೊದಲು ಹಣ ತೆಗೆದಿಡಿರಿ. ಸಮಾರಂಭಗಳ ಆಡಂಬರ, ತಂಬಾಕು, ಮದ್ಯ ಇವುಗಳನ್ನು ಮೊದಲು ಕೈಬಿಡಿರಿ. ಚಿಕ್ಕ ಮಕ್ಕಳಿಗೂ "ಈ ವರ್ಷ ಫಸಲು ಕಡಿಮೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದು ತಿಳಿಸಿ ಹೇಳಿರಿ.

ನೆನಪಿಡಬೇಕಾದ ಅಂಶಗಳು

1. ಆಹಾರ: ಹುರುಳಿ, ಹೆಸರುಕಾಳು, ಹಿತ್ತಲಿನ ಬಸಳೆ, ಹರಿವೆ, ನುಗ್ಗೆಸೊಪ್ಪು, ಹಲಸಿನ ಬೀಜ ಇವು ಅಲ್ಪ ಖರ್ಚಿನ ಪೌಷ್ಟಿಕ ಪದಾರ್ಥಗಳು. ತಾಯಿಯೂ ಎಲ್ಲರೊಡನೆ ಕುಳಿತು ಉಣ್ಣಲಿ. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಯ ಆಹಾರವನ್ನು ಸಂಕೋಚವಿಲ್ಲದೆ ಪಡೆಯಲಿ.

2. ಔಷಧಿ: ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವು ಉಚಿತವಾಗಿ ದೊರೆಯುತ್ತವೆ.

3. ದೊಡ್ಡ ಚಿಕಿತ್ಸೆ: ಒಡವೆ ಅಡವಿಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎಪಿಎಲ್ ಕುಟುಂಬಕ್ಕೂ ನಿಗದಿತ ವೆಚ್ಚದ ಒಂದು ಭಾಗ ದೊರೆಯುತ್ತದೆ.

4. ಹೆರಿಗೆಯ ಅಂತರ: ಮುಂದಿನ ಮಗುವನ್ನು ಕೆಲಕಾಲ ಮುಂದೂಡಬಯಸುವ ದಂಪತಿಗಳಿಗೆ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಮಾತ್ರೆ, ನಿರೋಧ್ ಇವು ಉಚಿತ. ತೀರ್ಮಾನ ಇಬ್ಬರದೂ ಆಗಿರಲಿ.

5. ಮನಸ್ಸು: ಮಾತು ಬಿಡುವುದು, ಊಟ ನಿದ್ರೆ ಬೇಡವಾಗುವುದು, "ನಾನಿದ್ದು ಏನು ಪ್ರಯೋಜನ" ಎನ್ನುವುದು ಕಾಯಿಲೆಯ ಲಕ್ಷಣಗಳು. ಅಂಥವರನ್ನು ಒಂಟಿಯಾಗಿ ಬಿಡಬೇಡಿರಿ. ತೋಟಕ್ಕೆ ಸಿಂಪಡಿಸುವ ಔಷಧಿಗಳನ್ನು ಬೀಗ ಹಾಕಿ, ಕೀಲಿಯನ್ನು ಬೇರೊಬ್ಬರ ವಶದಲ್ಲಿಡಿರಿ. ಕೂಡಲೇ ವೈದ್ಯರ ಬಳಿಗೆ ಕರೆತನ್ನಿರಿ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ತೋಟ ಚೇತರಿಸಲು ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ದುಡಿಯುವ ಕೈಗಳು ಆರೋಗ್ಯವಾಗಿರಬೇಕು. ಆದ್ದರಿಂದ ಕಷ್ಟವನ್ನು ಒಬ್ಬರೇ ಹೊರದೆ ಮನೆಮಂದಿಯೆಲ್ಲ ಹಂಚಿಕೊಳ್ಳಿರಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯಾಕೆಯ ತಟ್ಟೆಯನ್ನೊಮ್ಮೆ ನೋಡಿರಿ.