ಒಲೆಯ ಹೊಗೆ, ಮುಚ್ಚಿದ ಕೋಣೆಯ ಕೆಂಡ

ಪ್ರಶ್ನೆ: ನಮ್ಮದು ನೀಲಗಿರಿಯ ತುಮ್ಮನಟ್ಟಿ. 62 ವರ್ಷದ ಅತ್ತೆ ಸೌದೆ ಒಲೆ ಬಿಡುವುದಿಲ್ಲ. ಮೂರು ತಿಂಗಳಿಂದ ಕೆಮ್ಮು. ಏರು ಹತ್ತಿದರೆ ಏದುಸಿರು. ಚಳಿಗೆ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುತ್ತೇವೆ. ಏನು ಮಾಡಲಿ?

ಉತ್ತರ: ಮೊದಲು ಆ ಕೆಂಡ. ಇಂದು ರಾತ್ರಿಯಿಂದಲೇ ಅದನ್ನು ಮಲಗುವ ಕೋಣೆಗೆ ತರಬೇಡಿ. ಹೊಗೆಯಾಡದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದೇ ಹಿಡಿಯುತ್ತದೆ. ನೀಲಗಿರಿಯಲ್ಲಿ ಹೀಗೆ ಮಲಗಿದವರು ಪ್ರಾಣ ಕಳೆದುಕೊಂಡಿದ್ದಾರೆ. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ಮಂಪರು ಕಂಡರೆ ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ. ಚಳಿಗೆ ಕಂಬಳಿ, ಬಿಸಿನೀರಿನ ಚೀಲ ಸಾಕು.

ಅತ್ತೆಯವರನ್ನು ಈ ವಾರವೇ ಊಟಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ಆಗಲೇಬೇಕು, ಅದು ಉಚಿತ. ಜೊತೆಗೆ ಎದೆಯ ಎಕ್ಸ್‌ರೇ, ಊದಿಸಿ ನೋಡುವ ಸ್ಪೈರೋಮೆಟ್ರಿ. ಎಷ್ಟು ವರ್ಷ ಒಲೆಯ ಮುಂದೆ ಕೂತಿದ್ದಾರೆಂದು ವೈದ್ಯರಿಗೆ ನೀವೇ ಹೇಳಿ. ಬೀಡಿ ಸೇದದ ಹೆಂಗಸರಿಗೂ ಸೌದೆ ಹೊಗೆಯಿಂದ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆ, ಒಲೆಯ ಬಗ್ಗೆ ಕೇಳದಿದ್ದರೆ ಅದು ಪತ್ತೆಯಾಗದೆ ಹೋಗಬಹುದು. ತುಟಿ ನೀಲಿಯಾದರೆ, ಕೂತಲ್ಲೇ ಉಸಿರು ಸಿಗದಿದ್ದರೆ ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.

ಅಡುಗೆ ಗ್ಯಾಸಿಗೆ ಬರಲಿ. ಸಂಪರ್ಕವಿಲ್ಲದಿದ್ದರೆ ಉಜ್ವಲಾ ಯೋಜನೆಯಲ್ಲಿ ಸಿಗುತ್ತದೆಯೇ ಎಂದು ಹತ್ತಿರದ ಗ್ಯಾಸ್ ಏಜೆನ್ಸಿಯಲ್ಲಿ ವಿಚಾರಿಸಿ. ಸ್ನಾನದ ನೀರಿಗೆ ಸೌದೆಯೇ ಬೇಕೆಂದರೆ ಒಲೆ ಮನೆಯ ಹೊರಗಿರಲಿ, ಸೌದೆ ಚೆನ್ನಾಗಿ ಒಣಗಿರಲಿ, ಪ್ಲಾಸ್ಟಿಕ್ ಹಾಕಿ ಹೊತ್ತಿಸಬೇಡಿ. ಮೂಗಿಗೆ ಸೆರಗು ಕಟ್ಟಿಕೊಂಡರೂ ಅದು ಹೊಗೆಯ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಅತ್ತೆ ಒಪ್ಪದಿದ್ದರೆ ಆಸ್ಪತ್ರೆಗೆ ಹೋದಾಗ ವೈದ್ಯರ ಬಾಯಲ್ಲೇ ಹೇಳಿಸಿ.