ಟ್ಯಾಂಕಿನಲ್ಲಿ ಉಳಿದುದೆಷ್ಟು? ಸಾಗಬಹುದಾದ ದೂರವೆಷ್ಟು?

ಮೋಟಾರು ಸೈಕಲ್ಲಿನ ಸವಾರರಲ್ಲಿ ಬಹುಮಂದಿಗೆ ಒಂದು ಅಭ್ಯಾಸವುಂಟು. ಹೊರಡುವ ಮುನ್ನ ವಾಹನವನ್ನು ಎಡಕ್ಕೂ ಬಲಕ್ಕೂ ಒಮ್ಮೆ ಅಲುಗಿಸಿ, ಟ್ಯಾಂಕಿನೊಳಗಿನ ಪೆಟ್ರೋಲು ಕುಲುಕುವ ಸದ್ದಿಗೆ ಕಿವಿಗೊಡುತ್ತಾರೆ. ಸದ್ದು ಕೇಳಿಸಿತೆಂದರೆ ‘ಇದೆ’ ಎಂದು ಸಮಾಧಾನಪಟ್ಟು ಹೊರಟುಬಿಡುತ್ತಾರೆ. ಆದರೆ ತುಂಬಿದ ಟ್ಯಾಂಕು ಕುಲುಕುವುದೇ ಇಲ್ಲ. ಅರ್ಧ ಬರಿದಾದುದು ಬಹಳ ಕುಲುಕುತ್ತದೆ. ತಳದಲ್ಲಿ ಅರ್ಧ ಲೀಟರು ಮಾತ್ರ ಉಳಿದಾಗಲೂ ಸದ್ದು ಬಂದೇ ಬರುತ್ತದೆ. ಇದೆಯೋ ಇಲ್ಲವೋ ಎಂಬುದಕ್ಕೆ ಕಿವಿ ಉತ್ತರ ಹೇಳಬಲ್ಲದು. ಎಷ್ಟಿದೆ ಎಂಬುದಕ್ಕೆ ಹೇಳಲಾರದು. ಮಳೆಗಾಲದ ಸಂಜೆ ಆಗುಂಬೆಯ ಘಾಟಿಯನ್ನು ಹತ್ತಬೇಕಾದವನಿಗೆ ಬೇಕಾದುದು ಈ ಎರಡನೆಯ ಉತ್ತರವೇ. ಅದನ್ನು ಪಡೆಯಲು ನಾವು ತರಗತಿಯಲ್ಲಿ ಓದುವ ಭೌತಶಾಸ್ತ್ರ ಸಾಕು.

ಮೊದಲು ಟ್ಯಾಂಕಿನ ಆಕಾರವನ್ನು ಗಮನಿಸೋಣ. ವಾಹನದ ಚೌಕಟ್ಟಿನ ದಪ್ಪ ಕೊಳವೆಯೊಂದು ಅದರ ನಡುವೆ ಹಾದುಹೋಗುವುದರಿಂದ, ಟ್ಯಾಂಕು ಎತ್ತಿನ ಬೆನ್ನಿನ ಮೇಲಿನ ಹೇರಿನಂತೆ ಅದರ ಎರಡು ಬದಿಗೂ ಇಳಿಬಿದ್ದಿರುತ್ತದೆ. ಮೇಲುಭಾಗ ಅಗಲ, ಕೆಳಭಾಗದಲ್ಲಿ ಎರಡು ಕಿರಿದಾದ ಜೋಲುಗಳು. ಇಂಧನಸೂಚಕದ ಒಳಗಿರುವುದು ಒಂದು ತೇಲುಬುರುಡೆ. ಪೆಟ್ರೋಲಿನ ಮಟ್ಟದೊಡನೆ ಅದು ಏರಿಳಿಯುವಾಗ ಅದಕ್ಕೆ ಸೇರಿದ ತೋಳು ಒಂದು ವಿದ್ಯುತ್ ರೋಧಕದ ಮೇಲೆ ಜಾರುತ್ತದೆ. ರೋಧ ಬದಲಾದಂತೆ ಮುಳ್ಳು ಚಲಿಸುತ್ತದೆ. ಅದು ಅಳೆಯುವುದು ಪೆಟ್ರೋಲಿನ ಎತ್ತರವನ್ನು, ಪರಿಮಾಣವನ್ನಲ್ಲ. ದ್ರವದ ಮೇಲ್ಮೈ 600 ಚದರ ಸೆಂಟಿಮೀಟರು ಇರುವಲ್ಲಿ ಒಂದು ಲೀಟರು ಖರ್ಚಾದರೆ ಮಟ್ಟ 1.7 ಸೆಂಟಿಮೀಟರಿಗಿಂತ ಹೆಚ್ಚು ಇಳಿಯದು. ಮೇಲ್ಮೈ 200 ಚದರ ಸೆಂಟಿಮೀಟರಿಗೆ ಕುಗ್ಗಿದಲ್ಲಿ ಅದೇ ಒಂದು ಲೀಟರಿಗೆ ಮಟ್ಟ 5 ಸೆಂಟಿಮೀಟರು ಕುಸಿಯುತ್ತದೆ. ‘ಅರ್ಧಕ್ಕೆ ಬರುವವರೆಗೆ ಮುಳ್ಳು ಮಲಗಿರುತ್ತದೆ, ಆಮೇಲೆ ಓಡುತ್ತದೆ’ ಎಂದು ಸವಾರರು ದೂರುವುದುಂಟು. ಅನೇಕ ವೇಳೆ ದೋಷವಿರುವುದು ಮುಳ್ಳಿನಲ್ಲಲ್ಲ, ಟ್ಯಾಂಕಿನ ರೇಖಾಗಣಿತದಲ್ಲಿ.

ಸೂಚಕವಿಲ್ಲದ ವಾಹನಕ್ಕೆ ಒಣ ಮರದ ಕಡ್ಡಿಯೊಂದೇ ಒಳ್ಳೆಯ ಉಪಕರಣ. ಟ್ಯಾಂಕು ಬರಿದಾಗಿರುವಾಗ ಒಂದೊಂದೇ ಲೀಟರು ಸುರಿದು, ಪ್ರತಿಸಲವೂ ಕಡ್ಡಿ ನೆನೆದ ಎತ್ತರಕ್ಕೆ ಗೀಟು ಹಾಕಿದರೆ ಅದೊಂದು ಅಳತೆಗೋಲಾಗುತ್ತದೆ. ಗೀಟುಗಳು ಸಮಾನ ಅಂತರದಲ್ಲಿ ಬೀಳುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು. ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ವಾಹನವನ್ನು ನಡುನಿಲುವಿನ ಮೇಲೆ ನೆಟ್ಟಗೆ ನಿಲ್ಲಿಸಿ ಆಗಬೇಕು. ಪಕ್ಕಕ್ಕೆ ವಾಲಿಸಿದಾಗ ಪೆಟ್ರೋಲು ಒಂದು ಬದಿಗೆ ಸರಿಯುವುದರಿಂದ ಕಡ್ಡಿಯೂ ಮುಳ್ಳೂ ಎರಡೂ ಸುಳ್ಳು ಹೇಳುತ್ತವೆ. ಕತ್ತಲಲ್ಲಿ ಟ್ಯಾಂಕಿನ ಬಾಯಿಯ ಬಳಿ ಕಡ್ಡಿ ಗೀರಿ ನೋಡುವ ಸಾಹಸವನ್ನಂತೂ ಯಾರೂ ಮಾಡಬಾರದು. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ಸುತ್ತಲೂ ತಗ್ಗಿನಲ್ಲಿ ಹರಡಿಕೊಂಡಿರುತ್ತದೆ.

ಇನ್ನು ‘ರಿಸರ್ವ್’ ಎಂಬುದರ ವಿಚಾರ. 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಕಾಲದಲ್ಲಿ ಇದನ್ನರಿಯದ ಸವಾರನಿರಲಿಲ್ಲ. ಅದು ಬೇರೊಂದು ಟ್ಯಾಂಕೆಂದು ಭಾವಿಸುವವರು ಇಂದಿಗೂ ಇದ್ದಾರೆ. ಹಾಗಲ್ಲ. ಟ್ಯಾಂಕಿನ ತಳದ ನಲ್ಲಿಗೆ ಎರಡು ಬಾಯಿಗಳಿವೆ. ಒಂದು, ಕೆಲವು ಸೆಂಟಿಮೀಟರು ಎತ್ತರಕ್ಕೆ ನಿಂತ ಕೊಳವೆಯ ತುದಿಯಲ್ಲಿ, ಇನ್ನೊಂದು, ತಳದಲ್ಲಿ. ಮಟ್ಟವು ಕೊಳವೆಯ ತುದಿಗಿಂತ ಕೆಳಗಿಳಿದೊಡನೆ ಮೊದಲ ಬಾಯಿಗೆ ಪೆಟ್ರೋಲು ಸಿಗದು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ತುಸು ಪೆಟ್ರೋಲು ತೀರುವಷ್ಟರಲ್ಲಿ ಎಂಜಿನ್ನು ಮುಗ್ಗರಿಸುತ್ತದೆ. ಸವಾರ ಕೈ ಚಾಚಿ ನಲ್ಲಿಯನ್ನು ತಿರುಗಿಸುತ್ತಾನೆ. ಮುಳ್ಳಿಗಿಂತ ಇದು ಎಷ್ಟೋ ಪ್ರಾಮಾಣಿಕವಾದ ಸೂಚನೆಯೆಂದು ನಮ್ಮ ಅಭಿಪ್ರಾಯ. ಆದರೆ ಲಾರಿಯೊಂದನ್ನು ಹಿಂದೆ ಹಾಕುತ್ತಿರುವ ಗಳಿಗೆಯಲ್ಲೇ ಈ ಮುಗ್ಗರಿಕೆ ಬರಬಹುದೆಂಬುದನ್ನು ಮರೆಯುವಂತಿಲ್ಲ. ಪೆಟ್ರೋಲು ತುಂಬಿಸಿದ ಮೇಲೆ ನಲ್ಲಿಯನ್ನು ಹಿಂದಕ್ಕೆ ತಿರುಗಿಸಲು ಮರೆತವನಿಗೆ ಮುಂದಿನ ಸಲ ಯಾವ ಸೂಚನೆಯೂ ಸಿಗದು. ಎಂಜಿನ್ನು ನಿಂತಾಗ ಟ್ಯಾಂಕು ನಿಜವಾಗಿಯೇ ಬರಿದು. ಆಗಲೂ ಒಂದು ಉಪಾಯವುಂಟು. ನಲ್ಲಿಯಿಲ್ಲದ ಬದಿಯ ಜೋಲಿನಲ್ಲಿ ಸ್ವಲ್ಪ ಪೆಟ್ರೋಲು ಸಿಕ್ಕಿಕೊಂಡಿರಬಹುದು. ವಾಹನವನ್ನು ನಲ್ಲಿಯ ಕಡೆಗೆ ಚೆನ್ನಾಗಿ ವಾಲಿಸಿದರೆ ಅದು ನಡುವಿನ ದಿಬ್ಬವನ್ನು ದಾಟಿ ಈಚೆಗೆ ಬಂದು, ಒಂದೆರಡು ಕಿಲೋಮೀಟರು ಸಾಗಿಸೀತು.

2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುಪಾಲಿನವಕ್ಕೆ ಕಾರ್ಬ್ಯುರೇಟರೂ ಇಲ್ಲ, ನಲ್ಲಿಯೂ ಇಲ್ಲ. ಪಂಪು ಪೆಟ್ರೋಲಿನಲ್ಲೇ ಮುಳುಗಿದ್ದು, ಅದರಿಂದಲೇ ತಂಪುಗೊಳ್ಳುತ್ತದೆ. ಆದುದರಿಂದ ಇಂಥ ವಾಹನದಲ್ಲಿ ಟ್ಯಾಂಕನ್ನು ಪದೇ ಪದೇ ಒಣಗಿಸುವುದು ಪಂಪಿಗೆ ಹಾನಿಕರ. ‘ಇನ್ನು ಇಷ್ಟು ಕಿಲೋಮೀಟರು’ ಎಂದು ಕೆಲವು ವಾಹನಗಳು ತೋರಿಸುವ ಅಂಕಿಯು, ಈಚಿನ ಖರ್ಚಿನ ಸರಾಸರಿಯೇ ಮುಂದೆಯೂ ನಡೆದೀತೆಂಬ ಊಹೆಯ ಫಲ. ಬಯಲುಸೀಮೆಯ ಸರಾಸರಿ ಘಾಟಿಗೆ ಹೊಂದುವುದೆ?

ಹೊಂದದೆಂಬುದನ್ನು ಲೆಕ್ಕದಿಂದ ನೋಡೋಣ. 2025ರ ಹೊತ್ತಿಗೆ ನಮ್ಮ ದೇಶದಲ್ಲಿ ಮಾರುವ ಪೆಟ್ರೋಲಿಗೆ ನೂರಕ್ಕೆ ಸುಮಾರು 20 ಭಾಗ ಎಥನಾಲ್ ಬೆರೆಯತೊಡಗಿತು. ಶುದ್ಧ ಪೆಟ್ರೋಲಿನ ಲೀಟರಿಗೆ ಸುಮಾರು 32 ಮೆಗಾಜೂಲ್, ಎಥನಾಲಿನ ಲೀಟರಿಗೆ ಸುಮಾರು 21 ಮೆಗಾಜೂಲ್ ಶಕ್ತಿಯೆಂದರೆ, ಮಿಶ್ರಣದ ಲೀಟರಿಗೆ ಸುಮಾರು 30. ವಾಹನ, ಸವಾರ ಸೇರಿ 200 ಕಿಲೋಗ್ರಾಂ ತೂಕವಿರಲಿ. ಉಡುಪಿಯಿಂದ ಹೊರಟು, ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದ ಆಗುಂಬೆಗೆ ಏರುವಾಗ ಸುಮಾರು 600 ಮೀಟರು ಮೇಲೇರಿದಂತೆ. ಗುರುತ್ವದ ಎದುರು ಮಾಡಬೇಕಾದ ಕೆಲಸ 200 × 9.8 × 600, ಎಂದರೆ ಸುಮಾರು 1.2 ಮೆಗಾಜೂಲ್. ಎಂಜಿನ್ನು ಇಂಧನದ ಶಕ್ತಿಯಲ್ಲಿ ಐದರಲ್ಲೊಂದು ಭಾಗವನ್ನು ಚಕ್ರಕ್ಕೆ ಮುಟ್ಟಿಸುವುದೆಂದು ಹಿಡಿದರೆ, ಬೇಕಾದುದು 6 ಮೆಗಾಜೂಲ್. ಅದು ಲೀಟರಿನ ಐದನೆಯ ಒಂದು ಭಾಗ. ಲೀಟರಿಗೆ 45 ಕಿಲೋಮೀಟರು ಓಡುವ ವಾಹನಕ್ಕೆ ಇದು 9 ಕಿಲೋಮೀಟರು ಕಳೆದುಕೊಂಡಂತೆ. ಕೆಳ ಗೇರಿನಲ್ಲಿ, ತಿರುವು ತಿರುವಿಗೆ ನಿಧಾನಿಸಿ ಮತ್ತೆ ವೇಗ ಪಡೆಯುವ ಖರ್ಚು ಬೇರೆ.

ವೇಗದ ಪಾತ್ರವಾದರೋ ಇನ್ನೂ ದೊಡ್ಡದು. ಚಕ್ರಗಳ ಉರುಳುಘರ್ಷಣೆ ಸುಮಾರು 30 ನ್ಯೂಟನ್; ವೇಗದೊಡನೆ ಅದು ಹೆಚ್ಚು ಬದಲಾಗದು. ಗಾಳಿಯ ತಡೆಯಾದರೆ ವೇಗದ ವರ್ಗದಂತೆ ಬೆಳೆಯುತ್ತದೆ: ಗಂಟೆಗೆ 40 ಕಿಲೋಮೀಟರಿನಲ್ಲಿ ಸುಮಾರು 45 ನ್ಯೂಟನ್ ಇದ್ದುದು 80ರಲ್ಲಿ 180 ಆಗುತ್ತದೆ. ಒಟ್ಟು ತಡೆ 75ರಿಂದ 210ಕ್ಕೆ ಏರಿತು. ಪೆಟ್ರೋಲಿನ ಖರ್ಚು ಇದೇ ಪ್ರಮಾಣದಲ್ಲಿ ಏರುವುದಿಲ್ಲ, ಏಕೆಂದರೆ ಹೊರೆ ಹೆಚ್ಚಿದಾಗ ಎಂಜಿನ್ನಿನ ದಕ್ಷತೆಯೂ ಕೊಂಚ ಸುಧಾರಿಸುತ್ತದೆ. ಆದರೂ ಬಂಕು ದೂರವಿದ್ದಾಗ ‘ಬೇಗ ತಲಪಿಬಿಡೋಣ’ ಎಂದು ವೇಗ ಹೆಚ್ಚಿಸುವುದು ತಲಪದಿರುವುದಕ್ಕೇ ದಾರಿ.

ತನ್ನ ವಾಹನದ ಸರಾಸರಿಯನ್ನು ಪ್ರತಿಯೊಬ್ಬನೂ ಸ್ವತಃ ಅಳೆದಿರಬೇಕು. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿಸಿ, ಓಡಿಸಿ, ಅದೇ ಗುರುತಿಗೆ ಮತ್ತೆ ತುಂಬಿಸಿ, ಓಡಿದ ದೂರವನ್ನು ತುಂಬಿಸಿದ ಲೀಟರುಗಳಿಂದ ಭಾಗಿಸುವುದೇ ಕ್ರಮ. ಗುರುತು ಹಿಡಿಯುವಲ್ಲಿ 0.2 ಲೀಟರಿನಷ್ಟು ತಪ್ಪಾಗಬಹುದೆನ್ನೋಣ. 2 ಲೀಟರಿನ ಮೇಲೆ ಅದು ನೂರಕ್ಕೆ 10ರಷ್ಟು ದೋಷ; 10 ಲೀಟರಿನ ಮೇಲೆ 2ರಷ್ಟು ಮಾತ್ರ. ಆದ್ದರಿಂದ ಪ್ರಯೋಗ ದೀರ್ಘವಾಗಿದ್ದಷ್ಟೂ ಒಳ್ಳೆಯದು.

ಕೊನೆಗೊಂದು ಲೆಕ್ಕ. ಸವಾರನೊಬ್ಬನ ಸರಾಸರಿ ಲೀಟರಿಗೆ 45 ಕಿಲೋಮೀಟರು. ದಾರಿಯನ್ನನುಸರಿಸಿ 5 ಹೆಚ್ಚು ಕಡಮೆ. ರಿಸರ್ವಿನಲ್ಲಿ 1.5 ಲೀಟರು, 0.2 ಹೆಚ್ಚು ಕಡಮೆ. ನಲ್ಲಿ ತಿರುಗಿಸಿದ ಸ್ಥಳದಿಂದ ಮುಂದಿನ ಬಂಕು 60 ಕಿಲೋಮೀಟರು, ಹಿಂದಿನದು 8 ಕಿಲೋಮೀಟರು. ನಡುವಿನ ಅಂಕಿಗಳನ್ನು ಗುಣಿಸಿದರೆ 67 ಕಿಲೋಮೀಟರು ದಾಟುತ್ತದೆ, ಮುಂದೆ ಹೋಗಬಹುದೆನ್ನಿಸುತ್ತದೆ. ಕನಿಷ್ಠ ಅಂಕಿಗಳಾದ 40 ಮತ್ತು 1.3ನ್ನು ಗುಣಿಸಿದರೆ ಬರುವುದು 52. ಬಂಕಿಗೆ 8 ಕಿಲೋಮೀಟರು ಇರುವಾಗಲೇ ವಾಹನವನ್ನು ತಳ್ಳಬೇಕಾದೀತು. ಅಷ್ಟೇ ದೂರವನ್ನು ಎಂಜಿನ್ನು ಓಡುತ್ತಿರುವಾಗಲೇ ಹಿಂದಕ್ಕೆ ಕ್ರಮಿಸಿ ಪೆಟ್ರೋಲು ಹಾಕಿಸಿಕೊಳ್ಳುವುದು ಮೇಲು.